ಕಿನ್ನರಿ ಲೋಕದ ಗೊಂಬೆ ಮನೆ: ಪುಟ್ಟ ಮಕ್ಕಳ ಪಕ್ಕ ಕೂತು ಸಿಂಗರಿಸುವುದು ಹೇಗೆ

ಸ್ನಾನದ ತೊಟ್ಟಿಯಲ್ಲಿ ಡ್ರ್ಯಾಗನ್ ಮಲಗಿತ್ತು. ರಾಜಕುಮಾರಿ ಛಾವಣಿ ಹತ್ತಿ ನಿಂತಿದ್ದಳು. ಅಡುಗೆ ಮನೆಯಲ್ಲಿ ಹನ್ನೊಂದು ಕುರ್ಚಿ, ಟೇಬಲ್ ಮಾತ್ರ ಒಂದೂ ಇಲ್ಲ. ನನ್ನ ನಾಲ್ಕೂವರೆ ವರ್ಷದ ಮಗಳು ಕಂಪ್ಯೂಟರ್‌ನಲ್ಲಿ ಮೊದಲ ಸಲ ಸಿಂಗರಿಸಿದ ಗೊಂಬೆ ಮನೆ ಇದು. "ಇದೇನೇ, ಇಷ್ಟೊಂದು ಕುರ್ಚಿ? ಸ್ವಲ್ಪ ತೆಗೆಯೋಣ್ವಾ?" ಅಂತ ನಾನು ಮೌಸ್‌ಗೆ ಕೈ ಹಾಕಿದೆ. ಅವಳು ನನ್ನ ಕೈ ತಳ್ಳಿದಳು. "ಬೇಡ ಅಮ್ಮ, ಎಲ್ಲರೂ ಕಾಯ್ತಾ ಇದ್ದಾರೆ. ಡ್ರ್ಯಾಗನ್ ಇನ್ನೂ ಸ್ನಾನ ಮುಗ್ಸಿಲ್ಲ."

ಹನ್ನೊಂದು ಕುರ್ಚಿಗೂ ಲೆಕ್ಕ ಇತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ನಾನು ಈ ಜಾತಿಯ ಆಟಗಳನ್ನು ಅವಳ ಜೊತೆ ಕೂತು ಸುಮಾರು ಆಡಿದ್ದೇನೆ. ಕೆಲವು ಚೆನ್ನಾಗಿದ್ದವು, ಕೆಲವು ಬರೀ ಜಾಹೀರಾತಿನ ಅಂಗಡಿ. ಎಡವಿದ್ದೂ ಇದೆ, ಒಂದು ಸಲ ಅವಳ ಇಡೀ ಅರಮನೆಯನ್ನೇ ನಾನು ಕೈಯಾರೆ ಅಳಿಸಿಹಾಕಿದ್ದೂ ಇದೆ, ಆ ಕಥೆ ಮುಂದೆ ಹೇಳುತ್ತೇನೆ. ಮಕ್ಕಳಿಗೆ ಇಂಥ ಆಟ ಕೊಡಬೇಕು ಅಂದುಕೊಂಡವರಿಗೆ, ಅಥವಾ ಕೊಟ್ಟಾದ ಮೇಲೆ ಇದರಲ್ಲಿ ಮಾಡೋದೇನು ಅಂತ ತಲೆ ಕೆರೆದುಕೊಳ್ಳುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಆಟ ಹೀಗಿರುತ್ತದೆ. ಪರದೆಯ ಮೇಲೆ ಒಂದು ಖಾಲಿ ಮನೆ. ಕೋಟೆಯೋ, ಅಣಬೆ ಆಕಾರದ ಗುಡಿಸಲೋ, ಮರದ ಪೊಟರೆಯೋ ಆಗಿರಬಹುದು. ಎದುರಿನ ಗೋಡೆಯೇ ಇರುವುದಿಲ್ಲ, ಹಾಗಾಗಿ ಎಲ್ಲ ಕೋಣೆಗಳೂ ಒಟ್ಟಿಗೆ ಕಾಣುತ್ತವೆ. ಕೆಳಗೋ ಪಕ್ಕದಲ್ಲೋ ಸಾಮಾನಿನ ಪಟ್ಟಿ. ಮಂಚ, ದೀಪ, ಕನ್ನಡಿ, ಕಿಟಕಿ ಪರದೆ, ಮಾತಾಡುವ ಕಪ್ಪೆ, ಹಾರುವ ಚಾಪೆ. ಬೇಕಾದ್ದನ್ನು ಹಿಡಿದು ಎಳೆದು ತಂದು ಮನೆಯೊಳಗೆ ಬಿಡಬೇಕು. ಅಂಕ ಇಲ್ಲ, ಸೋಲು ಗೆಲುವು ಇಲ್ಲ, ಟೈಮೂ ಓಡುವುದಿಲ್ಲ. ದೊಡ್ಡವರಿಗೆ ಬೋರ್ ಆಗುವುದೂ ಇದರಿಂದಲೇ, ಮಕ್ಕಳು ಗಂಟೆಗಟ್ಟಲೆ ಕೂರುವುದೂ ಇದರಿಂದಲೇ.

ಮೊದಲು ನೀವೇ ಹತ್ತು ನಿಮಿಷ ಆಡಿ

ಮಗು ಇಲ್ಲದಾಗ ಆಡಿ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಆಟ ಹೇಗಿದೆ ಅಂತ ಗೊತ್ತಾಗುವುದಿಲ್ಲ.

ಆಟದ ಮೇಲೆ "3+" ಅಂತ ಗುರುತು ಇರುತ್ತದಲ್ಲ, ಅದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಯುರೋಪಿನಲ್ಲಿ ಆಟಗಳಿಗೆ ಹಾಕುವ ಪೆಗಿ ಅನ್ನುವ ವಯಸ್ಸಿನ ಗುರುತಿನಲ್ಲಿ 3 ಅಂತ ಇದ್ದರೆ, ಆ ವಯಸ್ಸಿನ ಮಗು ನೋಡಬಾರದ್ದು ಇದರಲ್ಲಿ ಇಲ್ಲ ಅಂತ ಅರ್ಥ. ಮೂರು ವರ್ಷದ ಮಗುವಿಗೆ ಆಡಲು ಬರುತ್ತದೆ ಅಂತ ಅಲ್ಲ. ಆಟ ಎಷ್ಟು ಕಷ್ಟ, ಬಟನ್ ಎಷ್ಟು ಸಣ್ಣ ಅನ್ನುವುದನ್ನು ಆ ಗುರುತು ಅಳೆಯುವುದೇ ಇಲ್ಲ. ಅದನ್ನು ನೀವೇ ನೋಡಬೇಕು.

ನಾನು ನೋಡುವುದು ಇಷ್ಟು. ಇಟ್ಟ ಸಾಮಾನನ್ನು ಮತ್ತೆ ತೆಗೆಯಲು ಬರುತ್ತದಾ? ಕಸದ ಬುಟ್ಟಿಯ ಚಿತ್ರವೋ, ಹಿಂದಕ್ಕೆ ಬಾಗಿದ ಬಾಣವೋ ಎದ್ದು ಕಾಣಬೇಕು. ಓದು ಬಾರದ ಮಗುವಿಗೆ ಚಿತ್ರ ನೋಡಿಯೇ ಎಲ್ಲ ತಿಳಿಯುತ್ತದಾ? ಅರ್ಧಕ್ಕೆ ನಿಲ್ಲಿಸಿದರೆ ಮನೆ ಹಾಗೇ ಉಳಿಯುತ್ತದಾ? ಮತ್ತೆ ಒಂದು ಸಣ್ಣ ಉಪಾಯ: ಇಂಟರ್ನೆಟ್ ಆಫ್ ಮಾಡಿ ಆಟ ತೆರೆದು ನೋಡಿ. ಇನ್‌ಸ್ಟಾಲ್ ಮಾಡಿಕೊಂಡ ಆಟ ಹಾಗೂ ಓಡಿದರೆ ಒಳ್ಳೆಯದು, ಇಂಟರ್ನೆಟ್ ಇಲ್ಲದಾಗ ಹೊಸ ಜಾಹೀರಾತು ಎಲ್ಲಿಂದ ಬಂದೀತು?

ಇನ್ನು ಹಳೆಯ ಆಟಗಳ ವಿಷಯ. ಬ್ರೌಸರ್‌ನಲ್ಲಿ ಆಡುವ ಗೊಂಬೆ ಮನೆ ಆಟಗಳು ಒಂದು ಕಾಲದಲ್ಲಿ ಹೆಚ್ಚಾಗಿ ಅಡೋಬ್ ಕಂಪನಿಯ ತಂತ್ರಾಂಶವಾದ ಫ್ಲ್ಯಾಶ್‌ನಲ್ಲೇ ಇರುತ್ತಿದ್ದವು. ಅಡೋಬ್ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದರಲ್ಲಿ ಏನೂ ಓಡದ ಹಾಗೆ ಮಾಡಿತು. ಹಾಗಾಗಿ ನೀವು ಚಿಕ್ಕಂದಿನಲ್ಲಿ ಆಡಿದ ಆಟವನ್ನು ಹುಡುಕಿಕೊಂಡು ಹೋದರೆ ಎಷ್ಟೋ ಸಲ ಖಾಲಿ ಚೌಕ ಕಾಣುತ್ತದೆ. ಕೆಲವು ಕಡೆ ರಫಲ್ ಅನ್ನುವ ತಂತ್ರಾಂಶ ಹಾಕಿ ಹಳೆಯ ಆಟಗಳನ್ನು ಮತ್ತೆ ಓಡಿಸುತ್ತಿದ್ದಾರೆ, ಅದು ಪರವಾಗಿಲ್ಲ. ಆದರೆ "ಫ್ಲ್ಯಾಶ್ ಪ್ಲೇಯರ್ ಡೌನ್‌ಲೋಡ್ ಮಾಡಿ" ಅಂತ ಯಾವುದಾದರೂ ಪುಟ ಕೇಳಿದರೆ ಮುಟ್ಟಬೇಡಿ, ಮುಚ್ಚಿಬಿಡಿ. ಆ ಹೆಸರು ಹೇಳಿಕೊಂಡು ವೈರಸ್ ಹಾಕುವುದು ಹಳೆಯ ಆಟ.

ಕಂಪ್ಯೂಟರ್ ರೆಡಿ ಮಾಡಿ

ಇದು ಬಹಳ ಜನ ಬಿಟ್ಟುಬಿಡುವ ಭಾಗ. ನಾನೂ ಬಿಟ್ಟಿದ್ದೆ. ಮಗಳು ಮಂಚವನ್ನು ಹಿಡಿದು ಎಳೆಯುತ್ತಾಳೆ, ಅರ್ಧ ದಾರಿಯಲ್ಲಿ ಬೆರಳು ಸಡಿಲ ಆಗುತ್ತದೆ, ಮಂಚ ಮಧ್ಯದಲ್ಲೆಲ್ಲೋ ಬಿದ್ದು ಮತ್ತೆ ಪಟ್ಟಿಗೆ ಓಡಿಹೋಗುತ್ತದೆ. ನಾಲ್ಕು ಸಲ ಹೀಗಾಯಿತು, ಐದನೇ ಸಲ ಅಳು. ಆಟ ಕೆಟ್ಟದ್ದು ಅಂದುಕೊಂಡೆ. ತೊಂದರೆ ಇದ್ದದ್ದು ಟಚ್‌ಪ್ಯಾಡ್‌ನಲ್ಲಿ.

ಬಟನ್ ಒತ್ತಿ ಹಿಡಿದುಕೊಂಡೇ ಎಳೆಯುವುದು ಪುಟ್ಟ ಕೈಗೆ ಒಂದಲ್ಲ, ಎರಡು ಕೆಲಸ. ಟಚ್‌ಪ್ಯಾಡ್‌ನಲ್ಲಂತೂ ದೊಡ್ಡವರಿಗೇ ಕಷ್ಟ. ಒಂದು ಮೌಸ್ ಹಾಕಿ, ಸಣ್ಣದಾಗಿದ್ದರೆ ಇನ್ನೂ ಒಳ್ಳೆಯದು. ಆಟದ ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ಒತ್ತಿ ಎತ್ತಿಕೊಂಡು ಇನ್ನೊಂದು ಸಲ ಒತ್ತಿ ಇಡುವ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಇಲ್ಲ ಅಂದರೆ ವಿಂಡೋಸ್‌ನಲ್ಲೇ ಒಂದು ದಾರಿ ಇದೆ. ಮೌಸ್ ಪ್ರಾಪರ್ಟೀಸ್ ತೆರೆದರೆ ಬಟನ್ಸ್ ಅನ್ನುವ ಭಾಗದಲ್ಲಿ ಕ್ಲಿಕ್‌ಲಾಕ್ ಅಂತ ಸಿಗುತ್ತದೆ. ಅದನ್ನು ಆನ್ ಮಾಡಿದರೆ, ಬಟನ್ ಸ್ವಲ್ಪ ಹೊತ್ತು ಒತ್ತಿ ಬಿಟ್ಟರೂ ಸಾಮಾನು ಕೈಗೆ ಅಂಟಿಕೊಂಡೇ ಇರುತ್ತದೆ. ಬೇಕಾದ ಕಡೆ ಹೋಗಿ ಇನ್ನೊಮ್ಮೆ ಒತ್ತಿದರೆ ಬೀಳುತ್ತದೆ. ನಮ್ಮ ಮನೆಯಲ್ಲಿ ಇದನ್ನು ಆನ್ ಮಾಡಿದ ದಿನವೇ ಅಳು ನಿಂತಿತು. ನಿಮ್ಮ ಕೆಲಸಕ್ಕೆ ಕೂತಾಗ ಮಾತ್ರ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಫೈಲುಗಳೆಲ್ಲ ನಿಮ್ಮ ಹಿಂದೆಯೇ ಬರುತ್ತವೆ.

ಹಾಗೇ ಮೌಸ್ ಬಾಣದ ವೇಗ ಕಡಿಮೆ ಮಾಡಿ, ಬಾಣವನ್ನು ದೊಡ್ಡದು ಮಾಡಿ, ಬಣ್ಣವನ್ನೂ ಬದಲಾಯಿಸಬಹುದು. ಹೂವು, ಮಿಂಚು, ನಕ್ಷತ್ರ ತುಂಬಿದ ಪರದೆಯಲ್ಲಿ ಸಣ್ಣ ಬಿಳಿ ಬಾಣ ಎಲ್ಲಿ ಹೋಯಿತು ಅಂತ ಮಗುವಿಗೆ ಕಾಣುವುದೇ ಇಲ್ಲ. ಎಡಗೈ ಮಗುವಾದರೆ ಮೌಸ್ ಎಡಕ್ಕಿಟ್ಟು ಬಟನ್‌ಗಳನ್ನು ಅದಲು ಬದಲು ಮಾಡಿಕೊಡಿ.

ಇನ್ನೊಂದು ಕಾಟ ಶಿಫ್ಟ್ ಕೀ. ಅದನ್ನು ಸತತವಾಗಿ ಐದು ಸಲ ಒತ್ತಿದರೆ ವಿಂಡೋಸ್ "ಸ್ಟಿಕಿ ಕೀಸ್ ಆನ್ ಮಾಡಲಾ?" ಅಂತ ಕೇಳುತ್ತದೆ. ಮಕ್ಕಳು ಕೀಬೋರ್ಡ್ ಕಂಡರೆ ತಬಲಾ ಬಾರಿಸುತ್ತಾರೆ, ಹಾಗಾಗಿ ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿ ಭಾಗದಲ್ಲಿ, ಕೀಬೋರ್ಡ್ ಅಂತ ಇರುವ ಕಡೆ ಇದನ್ನು ಆಫ್ ಮಾಡಬಹುದು. ಅದಕ್ಕಿಂತ ಸುಲಭ, ಕೀಬೋರ್ಡನ್ನೇ ದೂರ ಸರಿಸುವುದು. ಲ್ಯಾಪ್‌ಟಾಪ್ ಆದರೆ ಕೀಗಳ ಮೇಲೆ ಒಂದು ತೆಳು ಪುಸ್ತಕ ಇಡುತ್ತೇನೆ ನಾನು, ಆದರೆ ಗಾಳಿ ಬರುವ ಕಿಂಡಿ ಮುಚ್ಚಬಾರದು. ಬ್ರೌಸರ್ ಆಟವಾದರೆ ಎಫ್11 ಒತ್ತಿ, ಪರದೆ ತುಂಬಾ ಆಟವೇ ಕಾಣುತ್ತದೆ, ಮೇಲಿನ ಟ್ಯಾಬ್‌ಗಳು ಮರೆಯಾಗುತ್ತವೆ.

ಸಾಧ್ಯವಾದರೆ ಮಗುವಿಗೆ ಬೇರೆಯೇ ಯೂಸರ್ ಅಕೌಂಟ್ ಮಾಡಿಕೊಡಿ. ನಿಮ್ಮ ಆಫೀಸಿನ ಫೈಲ್‌ಗಳು ಒಂದು ಕಡೆ, ಅವಳ ಕಪ್ಪೆ ರಾಜಕುಮಾರ ಇನ್ನೊಂದು ಕಡೆ. ಇಬ್ಬರಿಗೂ ನೆಮ್ಮದಿ.

ಮೊದಲ ದಿನ ಏನೂ ಕಲಿಸಬೇಡಿ

ಸುಮ್ನೆ ಬಿಡಿ. ಮಗು ಎಲ್ಲವನ್ನೂ ಒತ್ತಿ ನೋಡುತ್ತದೆ. ಕಪ್ಪೆ ಕೂಗುತ್ತದೆ, ಗಡಿಯಾರ ಹೊಡೆಯುತ್ತದೆ, ಕನ್ನಡಿ ಮಾತಾಡುತ್ತದೆ. ಒಂದೇ ಕಪ್ಪೆಯನ್ನು ಮೂವತ್ತು ಸಲ ಕೂಗಿಸಿದರೂ ಕೂಗಿಸಲಿ, ಕಿವಿ ನೋವಾದರೆ ವಾಲ್ಯೂಮ್ ತಗ್ಗಿಸಿಕೊಳ್ಳಿ. ಯಾವುದು ಒತ್ತಿದರೆ ಏನಾಗುತ್ತದೆ ಅಂತ ತಿಳಿದುಕೊಳ್ಳದೆ ಯಾರೂ ಮನೆ ಸಿಂಗರಿಸುವುದಕ್ಕೆ ಇಳಿಯುವುದಿಲ್ಲ.

ನೀವು ಒಂದೇ ಒಂದು ಕೆಲಸ ತೋರಿಸಿಕೊಡಿ: ಹಿಂದಕ್ಕೆ ಹೋಗುವುದು. ಆಟದಲ್ಲಿರುವ ಅನ್‌ಡೂ ಬಾಣ ತೋರಿಸಿ, "ಇದು ಒತ್ತಿದರೆ ಆಗಿದ್ದು ಆಗಲೇ ಇಲ್ಲ ಅನ್ನೋ ಹಾಗೆ" ಅಂತ ಹೇಳಿ. ಎಷ್ಟೋ ಆಟಗಳಲ್ಲಿ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿದರೂ ಇದೇ ಆಗುತ್ತದೆ. ಇದೊಂದು ಗೊತ್ತಿದ್ದರೆ ಮಗುವಿಗೆ ಭಯ ಹೋಗುತ್ತದೆ. ನನ್ನ ಮಗಳು ಅದಕ್ಕೆ "ಅಯ್ಯೋ ಬಟನ್" ಅಂತ ಹೆಸರಿಟ್ಟಿದ್ದಾಳೆ.

ಯಾರ ಮನೆ ಇದು?

ಎರಡನೇ ದಿನ, ಸಾಮಾನು ಮುಟ್ಟುವುದಕ್ಕೆ ಮುಂಚೆ, ಈ ಒಂದು ಪ್ರಶ್ನೆ ಕೇಳಿ. "ಇಲ್ಲಿ ಯಾರಿರ್ತಾರೆ?" ನನ್ನ ಲೆಕ್ಕದಲ್ಲಿ ಇಡೀ ಆಟದ ಕೀಲಿ ಇರುವುದು ಇಲ್ಲಿ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

"ಚಂದ ಮಾಡು" ಅಂದರೆ ನಾಲ್ಕು ವರ್ಷದ ಮಗುವಿಗೆ ಏನು ಮಾಡಬೇಕು ಅಂತ ತೋಚುವುದಿಲ್ಲ. ಪಟ್ಟಿಯಲ್ಲಿದ್ದದ್ದನ್ನೆಲ್ಲ ತಂದು ಸುರಿಯುತ್ತದೆ. ಅದೇ "ಇಲ್ಲಿ ಕತ್ತಲೆ ಅಂದ್ರೆ ಹೆದರೋ ಒಬ್ಬ ರಾಕ್ಷಸ ಇದ್ದಾನೆ" ಅಂತ ಶುರು ಮಾಡಿ ನೋಡಿ. ತಾನಾಗೇ ದೀಪಗಳು ಬರುತ್ತವೆ. ಮಂಚದ ಪಕ್ಕ ಒಂದು, ಮೆಟ್ಟಿಲ ಹತ್ತಿರ ಒಂದು, ಮಂಚದ ಕೆಳಗೂ ಒಂದು. ರಾಕ್ಷಸ ದಪ್ಪ ಇದ್ದಾನೆ ಅಂದರೆ ಮಂಚ ದೊಡ್ಡದಾಗುತ್ತದೆ. ಏಳು ಸಮುದ್ರದಾಚೆ ಗಿಳಿಯಲ್ಲಿ ಅವನ ಪ್ರಾಣ ಇದೆ ಅಂತ ಹೇಳಿದರೆ ಗಿಳಿ ಪಂಜರಕ್ಕೆ ಜಾಗ ಹುಡುಕುವುದೇ ಅರ್ಧ ಗಂಟೆ ಆಟ. ನನ್ನ ಮಗಳು ಪಂಜರವನ್ನು ಕಪಾಟಿನ ಹಿಂದೆ ಬಚ್ಚಿಟ್ಟು, "ಈಗ ಯಾರಿಗೂ ಸಿಗಲ್ಲ" ಅಂತ ಕೈ ಒರೆಸಿಕೊಂಡಿದ್ದಳು.

ಕಥೆ ಮಗುವೇ ಹೇಳಿದರೆ ಇನ್ನೂ ಒಳ್ಳೆಯದು. ನಿಮಗೆ ತೋಚಿದ್ದನ್ನು ಹೇರಬೇಡಿ, ಸಿಕ್ಕಿಹಾಕಿಕೊಂಡಾಗ ಮಾತ್ರ ಒಂದು ಎಳೆ ಕೊಡಿ. "ಅವಳಿಗೆ ಏನಿಷ್ಟ?" "ಅವರ ಮನೆಗೆ ಯಾರು ಬರ್ತಾರೆ?" "ಮಳೆ ಬಂದ್ರೆ ಎಲ್ಲಿ ಕೂರ್ತಾರೆ?" ಇಂಥ ಪ್ರಶ್ನೆ ಸಾಕು. "ಅದು ಚೆನ್ನಾಗಿಲ್ಲ" ಅನ್ನುವ ಮಾತು ನಾಲಿಗೆ ತುದಿಗೆ ಬಂದರೆ ನುಂಗಿಕೊಳ್ಳಿ. ಹನ್ನೊಂದು ಕುರ್ಚಿ ನೆನಪಿಟ್ಟುಕೊಳ್ಳಿ.

ಗೋಡೆ, ನೆಲ, ಆಮೇಲೆ ಸಾಮಾನು

ಇಲ್ಲಿಂದ ಮುಂದೆ ಒಂದು ಕ್ರಮ ಇದ್ದರೆ ಸುಲಭ. ಗೋಡೆಯ ಬಣ್ಣ, ನೆಲ ಮೊದಲು. ಇದನ್ನು ಕೊನೆಗೆ ಇಟ್ಟುಕೊಂಡರೆ, ಕೆಲವು ಆಟಗಳಲ್ಲಿ ಗೋಡೆ ಒತ್ತಲು ಹೋದರೆ ಅದರ ಮುಂದಿರುವ ಕಪಾಟು ಕೈಗೆ ಬರುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಇಂಥ ಆಟಗಳಲ್ಲಿ ಸಾಮಾನೆಲ್ಲ ಗಾಢ ಬಣ್ಣದ್ದು, ಜೊತೆಗೆ ಮಿರಿಮಿರಿ. ಗೋಡೆಯೂ ಗಾಢ ಗುಲಾಬಿ ಆದರೆ ಗುಲಾಬಿ ಮಂಚ ಎಲ್ಲಿದೆ ಅಂತ ಹುಡುಕಬೇಕು. ತಿಳಿ ಗೋಡೆ, ಸ್ವಲ್ಪ ಕಪ್ಪಿನ ನೆಲ ಇದ್ದರೆ ಇಟ್ಟಿದ್ದೆಲ್ಲ ಎದ್ದು ಕಾಣುತ್ತದೆ. ಆದರೆ ಇದನ್ನು ಪಾಠದ ಥರ ಹೇಳಬೇಡಿ. ಬೇಕಿದ್ದರೆ, "ಮಂಚ ಎಲ್ಲಿ ಅಡಗಿಕೊಂಡಿದೆ?" ಅಂತ ಕೇಳಿ, ಮಗುವೇ ಗೋಡೆ ಬದಲಾಯಿಸುತ್ತದೆ. ಬದಲಾಯಿಸದಿದ್ದರೂ ಆಯಿತು, ಅಡಗಿಕೊಂಡ ಮಂಚವೂ ಒಂದು ಆಟವೇ.

ಆಮೇಲೆ ದೊಡ್ಡ ಸಾಮಾನು. ಮಲಗುವ ಕೋಣೆಗೆ ಮಂಚ, ಅಡುಗೆ ಮನೆಗೆ ಒಲೆ. ಪ್ರತಿ ಕೋಣೆಗೂ ಒಂದು ದೊಡ್ಡದು ಇಟ್ಟು, ಸುತ್ತಲೂ ಉಳಿದದ್ದು. ಚಮಚ, ಹೂದಾನಿ, ಪುಸ್ತಕದಂಥ ಸಣ್ಣವು ಕಡೆಗೆ.

ಗೊಂಬೆಯನ್ನು ಮಾತ್ರ ಮೊದಲೇ ಕರೆತನ್ನಿ. ಯಾಕೆ ಅಂದರೆ ಅಳತೆಗೆ. ಸಾಮಾನನ್ನು ಹಿಗ್ಗಿಸಿ ಕುಗ್ಗಿಸುವ ಆಟಗಳಲ್ಲಿ ಕುರ್ಚಿ ಮನೆಗಿಂತ ದೊಡ್ಡದಾಗುವುದು ದಿನಾ ನಡೆಯುವ ಕಥೆ. ಗೊಂಬೆಯನ್ನು ಪಕ್ಕಕ್ಕೆ ನಿಲ್ಲಿಸಿ ನೋಡಿ: ಕುರ್ಚಿಯ ಕೂರುವ ಜಾಗ ಅವಳ ಮಂಡಿಯ ಮಟ್ಟಕ್ಕೆ ಬಂದರೆ ಸರಿ, ಬಾಗಿಲು ಅವಳ ತಲೆಗಿಂತ ಸ್ವಲ್ಪ ಮೇಲಿದ್ದರೆ ಸರಿ. "ಪಾಪ, ಅವಳು ಹೇಗೆ ಹತ್ತಿ ಕೂರ್ತಾಳೆ?" ಅಂದರೆ ಸಾಕು, ಮಗುವೇ ಕುರ್ಚಿ ಚಿಕ್ಕದು ಮಾಡುತ್ತದೆ. ಅಥವಾ ಏಣಿ ತಂದು ಇಡುತ್ತದೆ. ಏಣಿಯೇ ಜಾಸ್ತಿ ಚೆನ್ನಾಗಿರುತ್ತದೆ, ಅಲ್ವಾ?

ನಿಜವಾದ ಗೊಂಬೆ ಮನೆ ಮಾಡುವವರೂ ಈ ಅಳತೆಗೆ ತಲೆ ಕೆಡಿಸಿಕೊಂಡವರೇ. ಅವರಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:12, ಅಂದರೆ ನಿಜದ ಒಂದು ಅಡಿಗೆ ಗೊಂಬೆ ಮನೆಯಲ್ಲಿ ಒಂದು ಅಂಗುಲ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಗೊಂಬೆ ಮನೆ ಈ ಅಳತೆಯದ್ದೇ. ಎಡ್ವಿನ್ ಲಟ್ಯೆನ್ಸ್ ವಿನ್ಯಾಸ ಮಾಡಿದ್ದು, 1924ರಲ್ಲಿ ಮುಗಿಯಿತು. ಅದರಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ದೀಪ ಹತ್ತುತ್ತದೆ, ಲಿಫ್ಟ್ ಕೂಡ ಇದೆ. ಅದಕ್ಕಿಂತ ಬಹಳ ಹಿಂದೆ, 1557-58ರ ಹೊತ್ತಿಗೆ, ಬವೇರಿಯದ ಡ್ಯೂಕ್ ಐದನೇ ಆಲ್ಬ್ರೆಕ್ಟ್ ಒಂದು ಗೊಂಬೆ ಮನೆ ಮಾಡಿಸಿದ್ದ. ದಾಖಲೆಯಲ್ಲಿ ಸಿಗುವ ಮೊದಲ ಗೊಂಬೆ ಮನೆ ಅಂತ ಹೇಳುವುದು ಅದನ್ನೇ. ತಮಾಷೆ ಅಂದರೆ ಅಂಥ ಮನೆಗಳು ಶ್ರೀಮಂತ ದೊಡ್ಡವರ ಪ್ರದರ್ಶನಕ್ಕೆ ಇದ್ದವು, ಮಕ್ಕಳು ಮುಟ್ಟುವ ಹಾಗೇ ಇರಲಿಲ್ಲ. ಈಗ ಕಂಪ್ಯೂಟರ್‌ನಲ್ಲಿ ಮಗು ಅರಮನೆ ಕಟ್ಟುತ್ತಿದ್ದರೆ ಪಕ್ಕದಿಂದ ಕೈ ಹಾಕಲು ಹೋಗುವವರು ನಾವು.

ಜಮಖಾನದ ಕೆಳಗೆ ರಾಜಕುಮಾರಿ ಮಾಯ

ಹೊಸಬರು ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಒಂದು ದಿನ ಮಗಳು ರಾಜಕುಮಾರಿಯನ್ನು ಮಂಚದ ಮೇಲೆ ಮಲಗಿಸಿದಳು. ಸರಿ. ಆಮೇಲೆ ನೆಲಕ್ಕೆ ಅಂತ ಒಂದು ದೊಡ್ಡ ಕೆಂಪು ಜಮಖಾನ ಎಳೆದು ತಂದಳು. ಬಿಟ್ಟ ಕೂಡಲೇ ಮಂಚವೂ ಇಲ್ಲ, ರಾಜಕುಮಾರಿಯೂ ಇಲ್ಲ, ಬರೀ ಜಮಖಾನ. "ಅವಳು ಎಲ್ಲಿ ಹೋದ್ಲು?" ಅಂತ ಗಾಬರಿ.

ಆಗಿದ್ದು ಇಷ್ಟೇ. ಚಪ್ಪಟೆ ಚಿತ್ರಗಳ ಆಟಗಳಲ್ಲಿ ಪ್ರತಿ ಸಾಮಾನೂ ಒಂದು ಕಾಗದದ ತುಂಡು ಇದ್ದ ಹಾಗೆ. ಕೊನೆಗೆ ಇಟ್ಟದ್ದು ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಜಮಖಾನ ಕೊನೆಗೆ ಬಂತು, ಹಾಗಾಗಿ ಎಲ್ಲವನ್ನೂ ಮುಚ್ಚಿತು. ಹಾಗಾದರೆ ಇಡುವ ಕ್ರಮ ಹೀಗಿರಲಿ: ಕಿಟಕಿ ಮತ್ತು ಗೋಡೆಗೆ ತೂಗುಹಾಕುವ ಚಿತ್ರಗಳು, ಆಮೇಲೆ ಜಮಖಾನ, ಅದರ ಮೇಲೆ ಮಂಚ, ಮಂಚದ ಮೇಲೆ ದಿಂಬು, ಆಮೇಲೆ ಗೊಂಬೆ (ಅಳತೆಗೆ ಅಂತ ಮೊದಲೇ ತಂದಿದ್ದರೆ ಈಗ ಮತ್ತೆ ಎತ್ತಿ ಇಡಿ), ಎಲ್ಲದರ ಮೇಲೆ ಕಂಬಳಿ. ಕಂಬಳಿ ಗೊಂಬೆಯ ಕುತ್ತಿಗೆವರೆಗೆ ಬಂದರೆ ನಿಜವಾಗಿ ಹೊದ್ದು ಮಲಗಿದ ಹಾಗೇ ಕಾಣುತ್ತದೆ.

ಆಗಲೇ ಎಡವಟ್ಟಾಗಿದ್ದರೆ? ಕೆಲವು ಆಟಗಳಲ್ಲಿ ಸಾಮಾನನ್ನು ಒತ್ತಿದರೆ ಒಂದರ ಹಿಂದೆ ಒಂದಿರುವ ಎರಡು ಚೌಕದ ಚಿತ್ರ ಬರುತ್ತದೆ, ಅದು ಹಿಂದೆ ಮುಂದೆ ಕಳಿಸುವ ಬಟನ್. ಅದಿಲ್ಲದಿದ್ದರೆ ಜಮಖಾನವನ್ನು ಪಕ್ಕಕ್ಕೆ ಎಳೆದು ಸರಿಯಾದ ಜಾಗದಲ್ಲಿ ಬಿಡಿ, ಆಮೇಲೆ ಮಂಚವನ್ನು ಸುಮ್ನೆ ಒಮ್ಮೆ ಎತ್ತಿ ಅಲ್ಲೇ ಇಡಿ, ಅದು ಮೇಲೆ ಬರುತ್ತದೆ. ನಂತರ ದಿಂಬು, ನಂತರ ಗೊಂಬೆ, ಹೀಗೆ ಒಂದೊಂದೇ ಎತ್ತಿ ಇಡುತ್ತಾ ಬನ್ನಿ. ಸಾಮಾನು ಪೂರ್ತಿ ಕಳೆದೇಹೋಯಿತು ಅನ್ನಿಸಿದರೆ ಅದು ಇನ್ನೊಂದರ ಹಿಂದೆ ಇದ್ದೇ ಇರುತ್ತದೆ, ದೊಡ್ಡದನ್ನು ಸರಿಸಿ ನೋಡಿ.

ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಹಿಡಿದ ಮೇಲೆ ಬೇಕಂತಲೇ ಬಚ್ಚಿಡುವ ಆಟ ಶುರು. ಗಿಳಿ ಪಂಜರ ಕಪಾಟಿನ ಹಿಂದೆ ಹೋಗಿದ್ದು ಹೀಗೇ. ಮೂರು ಆಯಾಮದ ಆಟಗಳಲ್ಲಿ ಈ ತೊಂದರೆ ಇಲ್ಲ, ಆದರೆ ಅಲ್ಲಿ ಕ್ಯಾಮೆರಾ ತಿರುಗಿಸುವುದು ಬರಬೇಕು. ಆರು ವರ್ಷಕ್ಕೆ ಮುಂಚೆ ಅದು ಮಕ್ಕಳಿಗೆ ತಲೆನೋವು, ನನ್ನ ಅನುಭವದಲ್ಲಿ.

ಮಾಯೆ ಎಲ್ಲಿ ಇಡಬೇಕು

ಮಾಮೂಲಿ ಮನೆ ಆಟಕ್ಕೂ ಕಿನ್ನರಿ ಲೋಕದ ಮನೆಗೂ ಇರುವ ವ್ಯತ್ಯಾಸ ಇದು. ಮಿನುಗುವ ಧೂಳು, ಹಾರುವ ಚಾಪೆ, ಒತ್ತಿದರೆ ಕುಂಬಳಕಾಯಿ ರಥ ಆಗುವುದು. ಮಕ್ಕಳು ಎಲ್ಲ ಕೋಣೆಗೂ ಮಿನುಗು ಸುರಿಯುತ್ತಾರೆ, ಕಂಪ್ಯೂಟರ್ ಹಳೆಯದಾದರೆ ಉಸಿರು ಬಿಡುತ್ತಾ ನಿಧಾನ ಆಗುತ್ತದೆ. ಹಾಗಾದಾಗ ಅಲುಗಾಡುವ ಸಾಮಾನು ಕೆಲವನ್ನು ತೆಗೆದರೆ ಸರಿಹೋಗುತ್ತದೆ.

ನಾನು ಒಂದು ಆಟ ಕಟ್ಟಿಕೊಂಡಿದ್ದೇನೆ. ಮನೆಯಲ್ಲಿ ಒಂದು ಕೋಣೆ ಮಾತ್ರ ಮಾಯದ್ದು, ಯಾವುದು ಅಂತ ಮಗಳು ನನಗೆ ಹೇಳುವುದಿಲ್ಲ, ನಾನು ಕಂಡುಹಿಡಿಯಬೇಕು. ಇದರಿಂದ ಉಳಿದ ಕೋಣೆಗಳನ್ನು ಅವಳು ಬೇಕಂತಲೇ ಮಾಮೂಲಿಯಾಗಿ ಇಡುತ್ತಾಳೆ, ನನ್ನನ್ನು ಮೋಸ ಮಾಡುವುದಕ್ಕೆ. ಹಗಲು ರಾತ್ರಿ ಬದಲಿಸುವ ಬಟನ್ ಇದ್ದರೆ ಅದನ್ನೂ ಬಳಸಿ. ಹಗಲಲ್ಲಿ ಮಾಮೂಲಿ ಕಿಟಕಿ, ರಾತ್ರಿ ಅದರಾಚೆ ಡ್ರ್ಯಾಗನ್ ಕಣ್ಣು.

ಇಬ್ಬರು ಮಕ್ಕಳಿದ್ದರೆ ಒಬ್ಬರಿಗೊಂದು ಕೋಣೆ ಹಂಚಿಕೊಡಿ. ಐದೈದು ನಿಮಿಷದ ಸರದಿ ಇಟ್ಟರೆ ಗಡಿಯಾರಕ್ಕೇ ಜಗಳ. "ಅಕ್ಕ ಮಹಡಿ ಮುಗಿಸಿದ ಮೇಲೆ ನೀನು ಅಡುಗೆ ಮನೆ" ಅಂದರೆ ಎಲ್ಲಿಗೆ ಮುಗಿಯುತ್ತದೆ ಅಂತ ಇಬ್ಬರಿಗೂ ಕಾಣುತ್ತದೆ. ಮೆಟ್ಟಿಲು ಯಾರದ್ದು ಅಂತ ಮಾತ್ರ ಮೊದಲೇ ತೀರ್ಮಾನ ಮಾಡಿಬಿಡಿ.

ಬೀಗ ಹಾಕಿದ ಸಾಮಾನು

ಉಚಿತ ಆಟಗಳಲ್ಲಿ ಅರ್ಧ ಸಾಮಾನಿನ ಮೇಲೆ ಬೀಗದ ಚಿತ್ರ ಇರುತ್ತದೆ. ದುಡ್ಡು ಕೊಟ್ಟರೆ ಅಥವಾ ಜಾಹೀರಾತು ನೋಡಿದರೆ ತೆರೆಯುತ್ತದೆ. ಅತಿ ಚಂದದ ಮಂಚಕ್ಕೇ ಬೀಗ ಇರುವುದು ಕಾಕತಾಳೀಯ ಅಂತೂ ಅಲ್ಲ. ಕೊಳ್ಳುವ ಮುಂಚೆ "ದೊಡ್ಡವರನ್ನು ಕರೆಯಿರಿ" ಅಂತ ಒಂದು ಗುಣಾಕಾರದ ಲೆಕ್ಕ ಕೇಳುವ ಆಟಗಳಿವೆ, ಆದರೆ ಅದನ್ನೇ ನಂಬಿ ಕೂರಬೇಡಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಆಟ ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿಯ ಸೆಟ್ಟಿಂಗ್ಸ್‌ನಲ್ಲೇ ಇಟ್ಟುಬಿಡಿ, ಮಗುವಿನ ಅಕೌಂಟಿಗೆ ಕಾರ್ಡ್ ಜೋಡಿಸಲೇಬೇಡಿ. ನನ್ನ ಕೇಳಿದರೆ, ಒಂದೇ ಸಲ ದುಡ್ಡು ಕೊಟ್ಟು ಪೂರ್ತಿ ಆಟ ಸಿಗುವುದಾದರೆ ಅದೇ ವಾಸಿ. ಬೀಗ ಕಂಡಾಗಲೆಲ್ಲ "ಅಮ್ಮಾ" ಅನ್ನುವ ರಾಗ ಕೇಳುವುದು ತಪ್ಪುತ್ತದೆ.

ನಾನು ಅಳಿಸಿದ ಅರಮನೆ

ಈಗ ಆ ಕಥೆ. ಮಗಳು ಮೂರು ವಾರ ಕೂತು ಕಟ್ಟಿದ್ದ ಅರಮನೆ, ಬ್ರೌಸರ್ ಆಟದಲ್ಲಿ. ಒಂದು ದಿನ ಕಂಪ್ಯೂಟರ್ ನಿಧಾನ ಆಯಿತು ಅಂತ ನಾನು ಬ್ರೌಸರ್‌ನ ಹಳೆಯ ಡೇಟಾ ಎಲ್ಲ ಒರೆಸಿದೆ. ಕುಕೀಸ್, ಸೈಟ್ ಡೇಟಾ, ಎಲ್ಲಕ್ಕೂ ಟಿಕ್ ಹಾಕಿ. ಸಂಜೆ ಆಟ ತೆರೆದರೆ ಖಾಲಿ ಮನೆ. ಲಾಗಿನ್ ಕೇಳದ ಬ್ರೌಸರ್ ಆಟಗಳು ಸಾಮಾನ್ಯವಾಗಿ ಮನೆಯನ್ನು ಆ ಬ್ರೌಸರ್‌ನ ಒಳಗೇ ಇಟ್ಟಿರುತ್ತವೆ. ಅದನ್ನು ಒರೆಸಿದರೆ ಮನೆಯೂ ಹೋಯಿತು. ಬೇರೆ ಬ್ರೌಸರ್‌ನಲ್ಲಿ ತೆರೆದರೂ ಕಾಣುವುದಿಲ್ಲ, ಬೇರೆ ಕಂಪ್ಯೂಟರ್‌ನಲ್ಲೂ ಕಾಣುವುದಿಲ್ಲ. ಪ್ರೈವೇಟ್ ವಿಂಡೋದಲ್ಲಿ ಆಡಿದರೆ ಮುಚ್ಚಿದ ಕೂಡಲೇ ಹೋಗುತ್ತದೆ. ಅನ್‌ಡೂ ಇದಕ್ಕೆ ಇಲ್ಲ. ಅಯ್ಯೋ ಬಟನ್ ಎಲ್ಲಿ ಅಂತ ಅವಳು ನನ್ನನ್ನೇ ಕೇಳಿದಳು.

ಹಾಗಾಗಿ ಈಗ ಪ್ರತಿ ಸಲ ಆಟ ಮುಗಿದ ಮೇಲೆ ಒಂದು ಫೋಟೋ ತೆಗೆದಿಡುತ್ತೇವೆ. ಆಟದಲ್ಲೇ ಕ್ಯಾಮೆರಾ ಬಟನ್ ಇದ್ದರೆ ಅದು. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರೂ ಒಟ್ಟಿಗೆ ಒತ್ತಿ ಬೇಕಾದಷ್ಟು ಜಾಗ ಆರಿಸಿ. ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್, 4. ಆ ಫೋಟೋಗಳಿಗೆ ಒಂದು ಫೋಲ್ಡರ್ ಮಾಡಿದ್ದೇವೆ. ಮನೆ ಹೋದರೂ ಹೇಗಿತ್ತು ಅಂತ ನೋಡಿ ಮತ್ತೆ ಕಟ್ಟಬಹುದು, ಪ್ರಿಂಟ್ ತೆಗೆದು ಕತ್ತರಿಸಿ ಶೂ ಡಬ್ಬಿಯಲ್ಲಿ ಅಂಟಿಸಿದರೆ ಕೈಯಲ್ಲಿ ಹಿಡಿಯುವ ಗೊಂಬೆ ಮನೆಯೂ ಆಗುತ್ತದೆ.

ನಿಲ್ಲಿಸುವುದು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಮೂರು ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ಆ ಗಂಟೆಯಲ್ಲಿ ಟಿವಿ, ಮೊಬೈಲ್ ಎಲ್ಲ ಸೇರಿತು. ನಾವು ಈ ಆಟಕ್ಕೆ ಇಪ್ಪತ್ತೈದು ನಿಮಿಷ ಇಟ್ಟುಕೊಂಡಿದ್ದೇವೆ.

ಕಷ್ಟ ಏನಪ್ಪಾ ಅಂದರೆ, ಈ ಆಟಕ್ಕೆ ಕೊನೆ ಅಂತ ಇಲ್ಲ. ಬೇರೆ ಆಟದಲ್ಲಿ "ಈ ಲೆವೆಲ್ ಮುಗಿಸಿ ಬಾ" ಅನ್ನಬಹುದು, ಇಲ್ಲಿ ಏನನ್ನು ಮುಗಿಸಬೇಕು? "ಸಾಕು, ಆಫ್ ಮಾಡು" ಅಂದರೆ ರಂಪ. ಕಡೆಗೆ ನಮಗೆ ಕೆಲಸಕ್ಕೆ ಬಂದದ್ದು ಮನೆಯನ್ನೇ ಮಲಗಿಸುವುದು. ಐದು ನಿಮಿಷ ಇರುವಾಗ, "ಎಲ್ಲರಿಗೂ ನಿದ್ದೆ ಬರ್ತಾ ಇದೆ ಅನ್ಸುತ್ತೆ" ಅನ್ನುತ್ತೇನೆ. ಅವಳು ಒಬ್ಬೊಬ್ಬರನ್ನೇ ಎತ್ತಿ ಮಂಚಕ್ಕೆ ಹಾಕುತ್ತಾಳೆ, ಕಂಬಳಿ ಹೊದಿಸುತ್ತಾಳೆ, ಒಂದೊಂದೇ ಕೋಣೆಯ ದೀಪ ಆರಿಸುತ್ತಾಳೆ. ದೀಪ ಆರಿಸಲು ಬಾರದ ಆಟವಾದರೆ ದೀಪವನ್ನೇ ಎತ್ತಿ ಸಾಮಾನಿನ ಪಟ್ಟಿಗೆ ವಾಪಸ್ ಹಾಕಬಹುದು. ರಾಕ್ಷಸನ ಮಂಚದ ಕೆಳಗಿನ ದೀಪ ಮಾತ್ರ ಆರಿಸುವ ಹಾಗಿಲ್ಲ, ಒಂದು ಸಲ ನಾನು ಆರಿಸಲು ಹೋಗಿ ಬೈಸಿಕೊಂಡಿದ್ದೇನೆ.

ಆಮೇಲೆ ಸೇವ್ ಬಟನ್ ಮಗುವಿನ ಕೈಯಲ್ಲೇ ಒತ್ತಿಸಿ. ಆಟದ ಮೊದಲ ಪರದೆಗೆ ಹೋಗಿ, ಉಳಿಸಿದ ಮನೆಗಳ ಸಾಲಿನಲ್ಲಿ ಇವತ್ತಿನ ಮನೆ ಕಾಣುತ್ತಿದೆಯಾ ಅಂತ ಇಬ್ಬರೂ ನೋಡಿ. ಕಂಡ ಮೇಲೆಯೇ ಕಂಪ್ಯೂಟರ್ ಮುಚ್ಚಿ. ಕ್ಲಿಕ್‌ಲಾಕ್ ಆಫ್ ಮಾಡುವುದನ್ನು ಮರೆಯಬೇಡಿ, ನಾನು ಇವತ್ತು ಬೆಳಿಗ್ಗೆ ಮತ್ತೆ ಮರೆತಿದ್ದೆ.